ಮಣ್ಣಿನ ಮನೆ: ನೋಡಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ತಿಪಟೂರು ಕಡೆಯವರು. ಊರಲ್ಲಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಕೊಂಡು ಎಂಟು ವರ್ಷವಾಯಿತು. ನೋಡಲು ಬಂದವರೆಲ್ಲ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿ ನೋಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಉತ್ತರ ಹೇಳಿ ಹೇಳಿ ನನಗೂ ಬಾಯಿಪಾಠ ಆಗಿರುವುದರಿಂದ ಒಮ್ಮೆ ಬರೆದಿಟ್ಟಿದ್ದೇನೆ. ನಾನು ಎಂಜಿನಿಯರ್ ಅಲ್ಲ. ಕಟ್ಟಿಸಿದವನು, ಸ್ವಲ್ಪ ಮಣ್ಣು ತುಳಿದವನು, ತಪ್ಪು ಮಾಡಿದವನು.

ಮಳೆ ಬಂದರೆ ಕರಗಿ ಹೋಗಲ್ವಾ?

ನೆನೆಯಲು ಬಿಟ್ಟರೆ ಹೋಗುತ್ತದೆ. ಹಸಿ ಮಣ್ಣಿನ, ಎಂದರೆ ಸುಡದ, ಸಿಮೆಂಟ್ ಬೆರೆಸದ ಮಣ್ಣಿನ ಗೋಡೆಗೆ ನೀರು ಮೂರು ಕಡೆಯಿಂದ ಬರುತ್ತದೆ. ಮೇಲಿನಿಂದ ಸೋರಿ ಬರುವುದು, ಪಕ್ಕದಿಂದ ಇರಚಲು ಹೊಡೆಯುವುದು, ಕೆಳಗಿನಿಂದ ತೇವ ಏರುವುದು. ಜನ ಮೊದಲೆರಡಕ್ಕೆ ಹೆದರುತ್ತಾರೆ. ಗೋಡೆ ಬೀಳುವುದು ಮಾತ್ರ ಸಾಮಾನ್ಯವಾಗಿ ಮೂರನೆಯದರಿಂದ, ಇಲ್ಲವೇ ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮಿ ಗೋಡೆಯ ಬುಡ ಕೊರೆಯುವುದರಿಂದ. ಬುಡ ಸವೆದರೆ ಮೇಲಿನ ಭಾರ ತಡೆಯುವುದು ಹೇಗೆ?

ನಮ್ಮ ಹಿರಿಯರ ಮನೆಗಳನ್ನು ಗಮನಿಸಿ. ಪಾಯ ಕಲ್ಲಿನದು, ಅದು ನೆಲದಿಂದ ಎರಡು ಅಡಿಯಾದರೂ ಮೇಲೆ ಬಂದಿರುತ್ತದೆ. ಮಣ್ಣು ಶುರುವಾಗುವುದೇ ಅದರ ಮೇಲೆ. ಸೂರು ಗೋಡೆಯಿಂದ ಎರಡೂವರೆ, ಮೂರು ಅಡಿ ಮುಂದೆ ಚಾಚಿರುತ್ತದೆ. ಸುತ್ತ ಜಗಲಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯಂಥ ಸೀಮೆಯಲ್ಲೂ ಮಣ್ಣಿನ ಗೋಡೆಯ ಮನೆಗಳು ತಲೆಮಾರುಗಟ್ಟಲೆ ಬಾಳಿವೆ. ಅಲ್ಲಿ ಸೂರು ಎಷ್ಟು ಕೆಳಗೆ ಇಳಿದಿರುತ್ತದೆಂದರೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗಾಳಿ ಮಳೆ ಹೊಡೆಯುವ ಕಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ.

ಆದರೆ ನಿಂತ ನೀರಿಗೆ ಮದ್ದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ಬಾಗಲಕೋಟೆ, ಬೆಳಗಾವಿ ಕಡೆ ಮಣ್ಣಿನ ಗೋಡೆಗಳು ಬುಡ ನೆನೆದು ಕುಸಿದವು. ಹೊಳೆ ನೀರು ನುಗ್ಗುವ ಜಾಗವಾದರೆ ನಾನು ಹಸಿ ಮಣ್ಣಿನ ಮನೆ ಕಟ್ಟಿ ಎಂದು ಯಾರಿಗೂ ಹೇಳುವುದಿಲ್ಲ.

ನಮ್ಮ ಹೊಲದ ಮಣ್ಣು ಆಗುತ್ತಾ?

ಇದನ್ನು ಫೋನಿನಲ್ಲಿ ಫೋಟೊ ಕಳಿಸಿ ಕೇಳುತ್ತಾರೆ. ಬಣ್ಣ ನೋಡಿ ಹೇಳಲಾಗದು. ಕೈಯಲ್ಲಿ ಹಿಡಿದೇ ನೋಡಬೇಕು.

ಮೊದಲು ಮೇಲಿನ ಒಂದು, ಒಂದೂವರೆ ಅಡಿ ಮಣ್ಣು ತೆಗೆದು ಪಕ್ಕಕ್ಕೆ ಹಾಕಿ. ಅದರಲ್ಲಿ ಬೇರು, ಗೊಬ್ಬರ ಇರುತ್ತದೆ. ಅದು ತೋಟಕ್ಕೆ ಚಿನ್ನ, ಗೋಡೆಗೆ ಬೇಡ. ಅದರ ಕೆಳಗಿನ ಮಣ್ಣನ್ನು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ಚಿಟಿಕೆ ಉಪ್ಪು ಹಾಕಿ, ನೀರು ತುಂಬಿಸಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ನಿಮ್ಮ ಕಣ್ಣೆದುರೇ ಕೆಳಗೆ ಕೂರುತ್ತದೆ. ಅದರ ಮೇಲೆ ನುಣುಪು ಗೋಡು ನಿಧಾನಕ್ಕೆ ಕೂರುತ್ತದೆ. ಜೇಡಿ ಎಲ್ಲಕ್ಕಿಂತ ಮೇಲೆ, ಅದು ಕೂರಲು ಒಂದು ದಿನ ಬೇಕು. ಯಂತ್ರದಲ್ಲಿ ಒತ್ತುವ ಇಟ್ಟಿಗೆಗೆ ಮರಳು ಮೂರನೇ ಎರಡು ಭಾಗದಷ್ಟಿದ್ದು, ಜೇಡಿ ನೂರಕ್ಕೆ ಹತ್ತು ಹದಿನೈದು ಇದ್ದರೆ ಒಳ್ಳೆಯದು.

ಇನ್ನೊಂದು ಪರೀಕ್ಷೆ ಅಡುಗೆಮನೆಯವರಿಗೆ ಹೇಳಿಕೊಡಬೇಕಿಲ್ಲ. ಮಣ್ಣನ್ನು ಚಕ್ಕುಲಿ ಹಿಟ್ಟಿನ ಹದಕ್ಕೆ ಕಲಸಿ, ಹೆಬ್ಬೆರಳ ದಪ್ಪಕ್ಕೆ ಹೊಸೆದು, ಅಂಗೈಯ ಅಂಚಿನಿಂದ ಹೊರಕ್ಕೆ ಚಾಚುವಂತೆ ಮೆಲ್ಲಗೆ ತಳ್ಳಿ. ಬೇಗನೆ ಮುರಿದು ಬಿದ್ದರೆ ಮರಳು ಜಾಸ್ತಿ. ಗೇಣುದ್ದ ಜೋತುಬಿದ್ದರೂ ಮುರಿಯದಿದ್ದರೆ ಜೇಡಿ ಜಾಸ್ತಿ. ಜೇಡಿ ಜಾಸ್ತಿಯಾದ ಗೋಡೆ ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೆ ಮರಳು ಅಥವಾ ಕ್ವಾರಿ ಧೂಳು ಬೆರೆಸಿದರಾಯಿತು. ನಮ್ಮದು ಕೆಂಪು ಮಣ್ಣು, ಆದರೂ ನಾಲ್ಕು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಧೂಳು ಬೆರೆಸಬೇಕಾಯಿತು.

ಎರೆಮಣ್ಣಿನವರಿಗೆ ಸ್ವಲ್ಪ ಕಷ್ಟ. ಅದು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಅದಕ್ಕೆ ಸಿಮೆಂಟಿಗಿಂತ ಸುಣ್ಣ ಚೆನ್ನಾಗಿ ಹೊಂದುತ್ತದೆ. ಗೋಡೆಗಿಂತ ಪಾಯದ್ದೇ ಅಲ್ಲಿ ದೊಡ್ಡ ಪ್ರಶ್ನೆ. ಎರೆಯ ಪದರ ದಾಟಿ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಇಲ್ಲಿ ದಯವಿಟ್ಟು ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಬನ್ನಿ.

ಕರಾವಳಿ, ಸಾಗರ ಕಡೆಯವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇ ಬೇಡ. ಅವರಿಗೆ ಭೂಮಿಯೇ ಇಟ್ಟಿಗೆ ಮಾಡಿಟ್ಟಿದೆ. ಕೆಂಪುಕಲ್ಲು ಕಡಿದು ತಂದು ಜೋಡಿಸಿದರೆ ಮುಗಿಯಿತು.

ಕೆರೆ ಹೂಳು ತಂದು ಕಟ್ಟಬಹುದಾ?

ಬಹಳ ಕಡೆ ಹೂಳಿನಲ್ಲಿ ಜೇಡಿ ವಿಪರೀತ. ಮರಳು ಬೆರೆಸದೆ ಆಗುವುದಿಲ್ಲ. ಅಲ್ಲದೆ ಪಂಚಾಯಿತಿಯನ್ನು ಕೇಳದೆ ಕೆರೆಗೆ ಜೆಸಿಬಿ ಇಳಿಸಬೇಡಿ. ನಿಮ್ಮದೇ ಜಾಗದಲ್ಲಿ ಅಗೆದರೆ ಆ ಗುಂಡಿಯೇ ಮಳೆ ನೀರಿನ ಹೊಂಡವಾಗುತ್ತದೆ. ನಮ್ಮ ಹೊಂಡದಲ್ಲಿ ಈಗ ಮೀನು ಇವೆ.

ಹಸಿ ಇಟ್ಟಿಗೆ, ಮುದ್ದೆ ಗೋಡೆ, ಯಂತ್ರದಲ್ಲಿ ಒತ್ತಿದ ಇಟ್ಟಿಗೆ, ಯಾವುದು ಒಳ್ಳೆಯದು?

ನಿಮ್ಮಲ್ಲಿ ಏನು ಜಾಸ್ತಿ ಇದೆ? ಜನವೋ, ದುಡ್ಡೋ, ಸಮಯವೋ? ಅದರ ಮೇಲೆ ಹೋಗುತ್ತದೆ.

ಮುದ್ದೆ ಗೋಡೆ ಎಂದರೆ ಮಣ್ಣಿಗೆ ಹುಲ್ಲು ಸೇರಿಸಿ, ನೆನೆಹಾಕಿ, ಕಾಲಿನಿಂದಲೋ ಎತ್ತಿನಿಂದಲೋ ತುಳಿಸಿ, ಮುದ್ದೆ ಮಾಡಿ ಒಂದರ ಮೇಲೊಂದು ಇಟ್ಟು ಎಬ್ಬಿಸುವ ಗೋಡೆ. ಒಂದು ವರಸೆ ಸುಮಾರು ಒಂದೂವರೆ ಅಡಿ ಎತ್ತರ. ಅದು ಗಟ್ಟಿಯಾಗುವವರೆಗೆ ಮುಂದಿನ ವರಸೆ ಇಡುವ ಹಾಗಿಲ್ಲ. ಅವಸರದವರಿಗೆ ಇದಲ್ಲ. ಯಂತ್ರ ಬೇಡ, ಅಚ್ಚು ಬೇಡ, ಕರೆಂಟು ಬೇಡ, ಆದರೆ ಕೈಗಳು ಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಜೋಡಿಸುವ ಮುಯ್ಯಾಳು ಪದ್ಧತಿ ಇನ್ನೂ ಉಳಿದಿರುವ ಊರಾದರೆ ಇದರಷ್ಟು ಅಗ್ಗದ್ದು ಬೇರೆ ಇಲ್ಲ.

ಹಸಿ ಇಟ್ಟಿಗೆ ಎಂದರೆ ಮರದ ಅಚ್ಚಿನಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸಿದ್ದು, ಸುಡದೇ ಇರುವುದು. ಬಿರುಕು ಬಿಡುವ ಆಟವೆಲ್ಲ ಇಟ್ಟಿಗೆಯಲ್ಲೇ ಮುಗಿದು ಹೋಗುತ್ತದೆ, ಗೋಡೆಯಲ್ಲಿ ಉಳಿಯುವುದಿಲ್ಲ. ಅದು ಇದರ ಲಾಭ.

ಒತ್ತಿದ ಇಟ್ಟಿಗೆಗೆ ನಮ್ಮ ನಾಡಿನ ಚರಿತ್ರೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಗುಂಪು ಶುರು ಮಾಡಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ. ಅಲ್ಲಿ ಕೆ.ಎಸ್. ಜಗದೀಶ್ ಮತ್ತಿತರರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಯಲ್ಲಿ ಒತ್ತುವ 'ಮರ್ದಿನಿ' ಯಂತ್ರ ಆ ಕೆಲಸದಿಂದ ಬಂದದ್ದು. ಪುದುಚೇರಿ ಹತ್ತಿರದ ಆರೋವಿಲ್‌ನವರದು 'ಆರಂ' ಎಂಬ ಬೇರೆ ಯಂತ್ರ. ಮರ್ದಿನಿಯ ದೊಡ್ಡ ಇಟ್ಟಿಗೆ 230 × 190 × 100 ಮಿಲಿಮೀಟರ್. ಮಣ್ಣಿಗೆ ನೂರಕ್ಕೆ ಆರರಿಂದ ಎಂಟರಷ್ಟು ಸಿಮೆಂಟ್ ಬೆರೆಸಿ, ಸ್ವಲ್ಪವೇ ನೀರು ಚಿಮುಕಿಸಿ, ಒತ್ತಿ ತೆಗೆದು, ನೆರಳಲ್ಲಿ ಜೋಡಿಸಿ ಮೂರು ವಾರ ನೀರು ಕುಡಿಸಬೇಕು. ನಮ್ಮದು ಇದೇ ಇಟ್ಟಿಗೆ.

ಮೂರು ವಾರ ಎಂದರೆ ಮೂರು ವಾರವೇ. ನಾವು ಮೊದಲ ರಾಶಿಗೆ ಹತ್ತು ದಿನ ನೀರು ಹಾಕಿ ಮದುವೆಗೆ ಹೋದೆವು. ಬಂದು ನೋಡಿದರೆ ಮೂಲೆಗಳು ಉಗುರಿಗೆ ಉದುರುತ್ತಿದ್ದವು. ಆ ಇಟ್ಟಿಗೆಗಳೆಲ್ಲ ಈಗ ದನದ ಕೊಟ್ಟಿಗೆಯ ನೆಲದಲ್ಲಿವೆ.

ಸಿಮೆಂಟ್ ಹಾಕಿದ ಮೇಲೆ ಪರಿಸರಸ್ನೇಹಿ ಅನ್ನೋದು ಹೇಗೆ?

ಒಳ್ಳೆಯ ಪ್ರಶ್ನೆ. ಪೂರ್ತಿ ಅಲ್ಲ. ಲೆಕ್ಕ ಹಾಕಿದರೆ ಒಂದು 50 ಕೆಜಿ ಚೀಲದಲ್ಲಿ ಸುಮಾರು 90 ಇಟ್ಟಿಗೆ ಬರುತ್ತವೆ. ಸುಡುವ ಕೆಲಸವಿಲ್ಲ, ಆದ್ದರಿಂದ ಸೌದೆ ಉಳಿಯುತ್ತದೆ. ಭಟ್ಟಿಯ ಇಟ್ಟಿಗೆಗೆ ಹೊಲಗಳ ಮೇಲ್ಮಣ್ಣು ಹೋಗುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಲಾರಿ ಓಡಾಟವೂ ಕಡಿಮೆ. ಗೋಡೆ ನುಣುಪಾಗಿರುವುದರಿಂದ ಹೊರಗೆ ಪ್ಲಾಸ್ಟರ್ ಬೇಕಿಲ್ಲ, ಆ ಸಿಮೆಂಟೂ ಉಳಿಯಿತು. ಸಿಮೆಂಟೇ ಬೇಡ ಎನ್ನುವವರು ಹಸಿ ಇಟ್ಟಿಗೆಗೆ ಹೋಗಲಿ, ಸೂರು ಇನ್ನೂ ಅಗಲ ಇಡಲಿ. ಮನೆ ಮುರಿದಾಗ ಅದು ಪೂರ್ತಿ ಮಣ್ಣಿಗೇ ಮರಳುತ್ತದೆ. ನಮ್ಮದು ಹಾಗೆ ಮರಳುವುದಿಲ್ಲ, ಒಪ್ಪಿಕೊಳ್ಳುತ್ತೇನೆ.

ಖರ್ಚು ಅರ್ಧಕ್ಕರ್ಧ ಕಡಿಮೆ ಆಗುತ್ತಂತೆ, ಹೌದಾ?

ಇಲ್ಲ. ಹೀಗೆ ಹೇಳಿಯೇ ಜನರನ್ನು ಕೆಡಿಸಿದ್ದಾರೆ. ಮನೆಯ ಖರ್ಚಿನಲ್ಲಿ ಗೋಡೆ ಒಂದು ಪಾಲು ಅಷ್ಟೇ. ಬಾಗಿಲು, ಕಿಟಕಿ, ಚಾವಣಿ, ವೈರಿಂಗ್, ಬಚ್ಚಲು, ಇವಕ್ಕೆಲ್ಲ ಮಣ್ಣಿನ ಮನೆಯಾದರೂ ಒಂದೇ ದರ. ಉಳಿತಾಯ ಬರುವುದು ನಿಮ್ಮ ಮಣ್ಣು, ನಿಮ್ಮ ಕೈ, ಹಳೇ ಮನೆಯ ತೊಲೆ ಬಾಗಿಲು ಬಳಸಿದಾಗ. ಬೆಂಗಳೂರಿನಿಂದ ತಂಡ ಕರೆಸಿ, ಮಣ್ಣನ್ನೂ ಲಾರಿಯಲ್ಲಿ ತರಿಸಿ ಕಟ್ಟಿದರೆ ಸಿಮೆಂಟ್ ಮನೆಗಿಂತ ಜಾಸ್ತಿಯೇ ಆಗುತ್ತದೆ. ಅಂಥವೂ ಇವೆ, ನೋಡಲು ಚೆಂದ.

ಗೋಡೆ ಎಷ್ಟು ದಪ್ಪ ಇರಬೇಕು? ಮಹಡಿ ಕಟ್ಟಬಹುದಾ?

ಹಸಿ ಮಣ್ಣಿನ ಗೋಡೆಯ ಎತ್ತರ ಅದರ ದಪ್ಪದ ಎಂಟು ಪಟ್ಟು ಮೀರಬಾರದು. ಭೂಕಂಪ ತಡೆಯುವ ಮಣ್ಣಿನ ಕಟ್ಟಡಗಳಿಗಾಗಿ ಬಂದ ಐಎಸ್ 13827 ಸಂಹಿತೆಯ ಮಾತು ಇದು. 15 ಇಂಚು ದಪ್ಪ ಇದ್ದರೆ ಹತ್ತು ಅಡಿ ಎತ್ತರ. ಅಡ್ಡ ಗೋಡೆಯಿಲ್ಲದೆ ಉದ್ದಕ್ಕೆ ಓಡಿಸಬೇಡಿ. ಬಾಗಿಲು ಕಿಟಕಿ ನಾಲ್ಕು ಅಡಿಗಿಂತ ಅಗಲ ಬೇಡ. ಮೂಲೆಯಿಂದ ನಾಲ್ಕು ಅಡಿಯಾದರೂ ದೂರ ಇರಲಿ. ಮೂಲೆಗೇ ಕಿಟಕಿ ಬೇಕು ಎಂದು ನಮ್ಮ ಮಗಳು ಹಟ ಮಾಡಿದ್ದಳು, ನಮ್ಮ ಮೇಸ್ತ್ರಿ ಒಪ್ಪಲೇ ಇಲ್ಲ.

ಒತ್ತಿದ ಇಟ್ಟಿಗೆಯಲ್ಲಿ ಒಂದು ಅಂತಸ್ತಿಗೆ ಒಂಬತ್ತು ಇಂಚಿನ ಗೋಡೆ ಸಾಕು. ಮಹಡಿಯೂ ಕಟ್ಟುತ್ತಾರೆ, ಆದರೆ ಎಂಜಿನಿಯರ್ ಲೆಕ್ಕ ಹಾಕಿಕೊಟ್ಟ ಮೇಲೆ. ಪಾಯದ ಮೇಲೆ, ಕಿಟಕಿಯ ಮೇಲೆ, ಚಾವಣಿಯ ಕೆಳಗೆ ಗೋಡೆಗಳನ್ನೆಲ್ಲ ಒಟ್ಟಿಗೆ ಹಿಡಿದಿಡುವ ಪಟ್ಟಿಯನ್ನು ಸುತ್ತಲೂ ಓಡಿಸುವುದನ್ನು ಮಾತ್ರ ಬಿಡಬೇಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಯಾಚೆಯ ಲಾತೂರು ಸೀಮೆಯಲ್ಲಿ ಭೂಕಂಪ ಆಯಿತಲ್ಲ, ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಅವರದೇ ಮನೆಗಳು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ, ಎರಡನ್ನೂ ಹಿಡಿದು ಕಟ್ಟುವ ಪಟ್ಟಿ ಇಲ್ಲ. ಕಲಬುರಗಿ, ಬೀದರ್ ಕಡೆಯ ಹಳೇ ಮನೆಗಳೂ ಹೆಚ್ಚಾಗಿ ಅದೇ ಥರ.

ಚಾವಣಿಗೆ ಏನು ಹಾಕೋದು?

ಜನ ಗೋಡೆಯ ಬಗ್ಗೆ ನೂರು ಪ್ರಶ್ನೆ ಕೇಳಿ, ಚಾವಣಿ ಬಂದಾಗ "ಶೀಟ್ ಹಾಕಿದ್ರಾಯ್ತು" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಬಿಸಿಲು ಬೀಳುವುದು ತಲೆಯ ಮೇಲೆ. ದಪ್ಪ ಗೋಡೆ ಹಗಲಿನ ಕಾವನ್ನು ಒಳಗೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಅದಕ್ಕೇ ಒಳಗೆ ತಂಪು. ಶೀಟು ಐದು ನಿಮಿಷಕ್ಕೆ ಕಾದು ಆ ತಂಪನ್ನೆಲ್ಲ ಹಾಳು ಮಾಡುತ್ತದೆ.

ನನ್ನ ಆಯ್ಕೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಅದು ನಾಡಿನ ತುಂಬ ಹಬ್ಬಿತು. ಈಗ ಮನೆ ಕೆಡವುವವರ ಹತ್ತಿರ ಹಳೇ ಹೆಂಚು ಸಿಗುತ್ತವೆ. ಗಂಟೆಯಂತೆ ಸದ್ದು ಬಂದರೆ ತೆಗೆದುಕೊಳ್ಳಿ, ಬೊದ್ದಾಗಿ ಕೇಳಿದರೆ ಬಿಡಿ. ಬಲಿತ ತೆಂಗಿನ ಮರದ ಹೊರಭಾಗ ತೊಲೆ, ಜಂತೆಗೆ ಚೆನ್ನಾಗಿ ಬರುತ್ತದೆ. ತಿರುಳಿನ ಕಡೆಯದು ಬೇಡ. ಮಲೆನಾಡಿನವರು ಅಡಿಕೆ ದಬ್ಬೆಯನ್ನು ರೀಪಿಗೆ ಹಾಕುತ್ತಾರೆ.

ಹೆಂಚಿನ ವೈರಿ ಮಂಗ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪ್ರತಿ ವರ್ಷ ಇಪ್ಪತ್ತು ಮೂವತ್ತು ಹೆಂಚು ಬದಲಿಸುತ್ತೇವೆ, ಕೊಟ್ಟಿಗೆಯಲ್ಲಿ ಇನ್ನೂರು ಜೋಡಿಸಿಟ್ಟಿದ್ದೇವೆ. ಮಂಗನ ಕಾಟ ತೀರಾ ಇರುವ ಊರಲ್ಲಿ ಕೆಳಗೆ ಹೆಂಚು ಕೂರಿಸಿ ಮೇಲೆ ಕಾಂಕ್ರೀಟ್ ಹಾಕುವ ಫಿಲ್ಲರ್ ಸ್ಲ್ಯಾಬ್ ಮಾಡಿ. ಕಾಂಕ್ರೀಟ್ ಒಂದಷ್ಟು ಉಳಿಯುತ್ತದೆ, ಒಳಗಿನಿಂದ ಹೆಂಚು ಕಾಣುತ್ತದೆ. ಮಳೆ ಕಡಿಮೆ ಇರುವ ಪಾವಗಡ, ಚಳ್ಳಕೆರೆ ಕಡೆ ತೊಲೆ ಜಂತೆಯ ಮೇಲೆ ಚೌಳು ಮಣ್ಣು ಹಾಕಿದ ಮಾಳಿಗೆ ಮನೆಗಳಿದ್ದವು. ಆ ಮಣ್ಣು ನೀರು ಇಳಿಯಲು ಬಿಡುವುದಿಲ್ಲ. ಭಾರ ಮಾತ್ರ ಬಹಳ.

ಹೊರಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಇನ್ನೂ ಗಟ್ಟಿ ಅಲ್ವಾ?

ಹಸಿ ಮಣ್ಣಿನ ಗೋಡೆಗೆ ದಯವಿಟ್ಟು ಬೇಡ. ನಮ್ಮ ದೊಡ್ಡಪ್ಪ ಹಳೇ ಮನೆಗೆ ಹೀಗೆ ಮಾಡಿಸಿದರು. ಒಂದು ವರ್ಷ ಹೊಸ ಮನೆಯ ಥರ ಕಂಡಿತು. ಮೂರನೇ ಮಳೆಗಾಲಕ್ಕೆ ಪ್ಲಾಸ್ಟರ್ ಹಪ್ಪಳದಂತೆ ಉಬ್ಬಿತು. ತಟ್ಟಿದರೆ ಹಿಂದೆ ಟೊಳ್ಳು. ಮಣ್ಣು ತೇವ ಎಳೆದುಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಬಿರುಕಿನಲ್ಲಿ ಒಳಹೋದ ನೀರು ಹೊರಗೆ ಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಕೊನೆಗೆ ಪ್ಲಾಸ್ಟರ್ ಕಿತ್ತಾಗ ಅದರ ಜೊತೆ ಅರ್ಧ ಅಡಿ ಮಣ್ಣೂ ಬಂತು.

ಮಣ್ಣಿಗೆ ಮಣ್ಣಿನ ಗಿಲಾವು, ಇಲ್ಲವೇ ಸುಣ್ಣದ ಗಾರೆ. ಮಣ್ಣಿನ ಗಿಲಾವಿಗೆ ಜರಡಿ ಹಿಡಿದ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ಕೆಲವು ದಿನ ಕೊಳೆಯಲು ಬಿಡಬೇಕು. ವಾಸನೆ ಬರುತ್ತದೆ, ಒಣಗಿದ ಮೇಲೆ ಹೋಗುತ್ತದೆ. ಸುಣ್ಣದ ಗಾರೆಗೆ ಹಿಂದಿನವರು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಬಣ್ಣಕ್ಕೂ ಸುಣ್ಣ, ಕೆಮ್ಮಣ್ಣು ಸಾಕು. ಪ್ಲಾಸ್ಟಿಕ್ ಥರದ ಪೇಂಟ್ ಬಳಿದರೆ ಮತ್ತೆ ಅದೇ ಕಥೆ.

ಗೆದ್ದಲು? ಹೆಗ್ಗಣ? ಕಳ್ಳರು?

ಗೆದ್ದಲಿಗೆ ಬೇಕಿರುವುದು ಮರ, ಹುಲ್ಲು ಮತ್ತು ತೇವ. ಕಲ್ಲಿನ ಪಾಯ ಎತ್ತರ ಇದ್ದರೆ ಅದು ಮಣ್ಣಿನ ಸುರಂಗ ಕಟ್ಟಿಕೊಂಡು ಹೊರಗಿನಿಂದ ಏರಬೇಕು, ಆಗ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಬಡಿದು ಹಾಕಬಹುದು. ಮರಕ್ಕೆ ಕರಾವಳಿಯವರು ಗೇರು ಎಣ್ಣೆ ಹಚ್ಚುತ್ತಾರೆ. ಕೈಗೆ ತಾಗಿದರೆ ಸುಡುತ್ತದೆ, ಎಚ್ಚರ. ಬಿದಿರು ಬಳಸುವುದಾದರೆ ಕಡಿದ ಕೂಡಲೇ ಹಾಕಬೇಡಿ. ಕೆಲವು ವಾರ ಕೆರೆ ನೀರಿನಲ್ಲಿ ಮುಳುಗಿಸಿಟ್ಟು ಒಳಗಿನ ಸಿಹಿ ಹೋದ ಮೇಲೆ ಒಣಗಿಸಿ ಬಳಸಿ. ಇಲ್ಲದಿದ್ದರೆ ಹುಳು ಕೊರೆದು ಹಿಟ್ಟು ಉದುರುತ್ತದೆ.

ಹೆಗ್ಗಣಕ್ಕೂ ಕಲ್ಲಿನ ಪಾಯವೇ ಮದ್ದು. ಕಳ್ಳರ ವಿಷಯ ನಗಬೇಡಿ, ಕನ್ನ ಹಾಕುವುದು ಎಂಬ ಮಾತು ಹುಟ್ಟಿದ್ದೇ ಗೋಡೆ ಕೊರೆಯುವುದರಿಂದ. ಈಗಿನ ಕಳ್ಳರಿಗೆ ಅಷ್ಟು ತಾಳ್ಮೆ ಇಲ್ಲ, ಬಾಗಿಲ ಬೀಗ ಒಡೆಯುತ್ತಾರೆ.

ಬಚ್ಚಲು, ಕರೆಂಟು, ಟಿವಿ ಮೊಳೆ?

ಬಚ್ಚಲು ಮನೆಯನ್ನು ಕಲ್ಲು ಅಥವಾ ಸುಟ್ಟ ಇಟ್ಟಿಗೆಯಲ್ಲಿ ಮಾಡಿ, ಇದರಲ್ಲಿ ಹಟ ಬೇಡ. ವೈರಿನ ಪೈಪನ್ನು ಗೋಡೆ ಏಳುವಾಗಲೇ ಒಳಗೆ ಇಡಿ. ಎಲ್ಲೆಲ್ಲಿ ಮೊಳೆ ಬೇಕು ಎಂದು ಮೊದಲೇ ಯೋಚಿಸಿ ಅಲ್ಲಿ ಮರದ ತುಂಡು ಹೂತಿಡಿ. ನಾವು ಟಿವಿಗೆ ಇಟ್ಟೆವು, ಕ್ಯಾಲೆಂಡರಿಗೆ ಮರೆತೆವು.

ಯಾವಾಗ ಶುರು ಮಾಡಬೇಕು?

ಸಂಕ್ರಾಂತಿ ಹೊತ್ತಿಗೆ ಇಟ್ಟಿಗೆ ಕೆಲಸ ನಡೆಯುತ್ತಿರಬೇಕು. ರೋಹಿಣಿ ಮಳೆಗೆ ಮೊದಲು ಹೆಂಚು ಏರಿರಬೇಕು. ಅದು ಆಗದು ಎನಿಸಿದರೆ ಪಾಯ ಮಾತ್ರ ಹಾಕಿ ಮುಂದಿನ ವರ್ಷಕ್ಕೆ ಬಿಡಿ. ತಲೆ ಮುಚ್ಚದ ಹಸಿ ಗೋಡೆಯ ಮೇಲೆ ಟಾರ್ಪಾಲು ಹೊದಿಸಿ ಮಳೆಗಾಲ ಕಳೆಯುವುದು ಎಂದರೆ ರಾತ್ರಿ ನಿದ್ದೆ ಬಿಟ್ಟಂತೆ.

ಸರ್ಕಾರದ ವಸತಿ ಯೋಜನೆಯ ಹಣದಲ್ಲಿ ಕಟ್ಟಬಹುದಾ?

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ನೆರವು, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಪಕ್ಕಾ ಮನೆ ಆಗಿರಬೇಕು. ಸ್ಥಳೀಯ ಸಾಮಗ್ರಿ ಬಳಸಬಾರದು ಎಂದೇನೂ ಇಲ್ಲ. ಆದರೆ ಹಂತ ಹಂತಕ್ಕೆ ಫೋಟೊ ತೆಗೆದ ಮೇಲೆಯೇ ಕಂತು ಬರುವುದು. ಬರಿಯ ಹಸಿ ಮಣ್ಣಿನ ಗೋಡೆಯನ್ನು 'ಕಚ್ಚಾ' ಎಂದು ಬರೆದುಕೊಂಡರೆ ಅಲ್ಲಿಗೆ ನಿಂತಿತು. ಒತ್ತಿದ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕ ಇದೆ, ಅದನ್ನು ತೋರಿಸಿ ಮಾತಾಡಬಹುದು. ಪಾಯ ಅಗೆಯುವ ಮೊದಲೇ ಪಿಡಿಒ ಹತ್ತಿರ ಕೇಳಿಕೊಳ್ಳಿ, ಆಮೇಲಲ್ಲ.

ಪ್ರತಿ ವರ್ಷ ಕೆಲಸ ಇರುತ್ತಂತಲ್ಲ?

ಇರುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿ ಹಾಕುವುದು, ಸುತ್ತಲಿನ ಚರಂಡಿ ಬಿಡಿಸುವುದು. ದಸರೆಗೋ ಯುಗಾದಿಗೋ ಸುಣ್ಣ. ಮಣ್ಣಿನ ಗಿಲಾವಾದರೆ ಬಿರುಕಿಗೆ ಅಲ್ಲಲ್ಲಿ ತೇಪೆ. ಸಗಣಿ ನೆಲವಾದರೆ ವಾರಕ್ಕೊಮ್ಮೆಯಾದರೂ ಸಾರಿಸಬೇಕು. ಈ ಕೊನೆಯದನ್ನು ಹೊಗಳುವವರು ಬಹಳ ಜನ, ಸಾರಿಸುವವರು ಮಾತ್ರ ಮನೆಯ ಹೆಂಗಸರು. ನಮ್ಮಮ್ಮ "ನಂಗೆ ಸಾಕಾಗಿದೆ, ಕೆಂಪು ರೆಡ್ ಆಕ್ಸೈಡ್ ಹಾಕ್ಸು" ಎಂದರು, ಹಾಕಿಸಿದೆ. ನೋಡಿಕೊಳ್ಳುವವರಿಲ್ಲದೆ ಬೀಗ ಹಾಕಿಡುವ ಮನೆಯಾದರೆ ಹಸಿ ಮಣ್ಣು ಬೇಡವೇ ಬೇಡ. ಒಂದು ಹೆಂಚು ಜಾರಿದ್ದು ಯಾರೂ ನೋಡದೆ ಎರಡು ಮಳೆಗಾಲ ಕಳೆದರೆ ಗೋಡೆ ಇರುವುದಿಲ್ಲ.

ಊರಲ್ಲಿ ಜನ ಏನಂತಾರೆ?

"ದುಡ್ಡಿದ್ದೂ ಮಣ್ಣಿನ ಮನೆನಾ?" ಎಂದು ನಮ್ಮ ಅತ್ತೆಯವರೇ ಕೇಳಿದರು. ತಪ್ಪಿಲ್ಲ. ಅವರು ಸೋರುವ ಮನೆಯಲ್ಲಿ ಬೆಳೆದವರು, ಆರ್‌ಸಿಸಿ ಅವರಿಗೆ ಮರ್ಯಾದೆಯ ಗುರುತು. ಪೇಟೆಯವರು ಬಂದು ಫೋಟೊ ತೆಗೆದುಕೊಂಡು ಹೋದ ಮೇಲೆ ಊರಿನವರ ದನಿ ಸ್ವಲ್ಪ ಬದಲಾಯಿತು. ಅತ್ತೆ ಈಗಲೂ ಬೇಸಿಗೆಯಲ್ಲಿ ಮಾತ್ರ ಬಂದು ಉಳಿಯುತ್ತಾರೆ, ಮಧ್ಯಾಹ್ನ ಫ್ಯಾನಿಲ್ಲದೆ ನಡುಮನೆಯಲ್ಲಿ ನಿದ್ದೆ ಮಾಡುತ್ತಾರೆ. ಒಳ್ಳೆಯದು ಎಂದು ಬಾಯಿಬಿಟ್ಟು ಹೇಳಿಲ್ಲ.

ನಿಮ್ಮ ಮನೆ ನೋಡಲು ಬರಬಹುದಾ?

ಬನ್ನಿ. ಜನವರಿಯಲ್ಲಿ ಬೇಡ, ಆಗ ಎಲ್ಲ ಮನೆಯೂ ಚೆನ್ನಾಗಿ ಕಾಣುತ್ತದೆ. ಒಂದು ವಾರ ಮಳೆ ಹಿಡಿದಿರುವಾಗ ಬಂದು ಗೋಡೆಯ ಬುಡ ಮುಟ್ಟಿ ನೋಡಿ. ಬರುವಾಗ ನಿಮ್ಮ ಜಾಗದಲ್ಲಿ ಎರಡು ಅಡಿ ಕೆಳಗಿನ ಮಣ್ಣನ್ನು ಒಂದು ಚೀಲದಲ್ಲಿ ತನ್ನಿ. ಬಾಟಲಿ ನಮ್ಮಲ್ಲಿದೆ.